ಅಕ್ಷರ ಗೊತ್ತು, ಓದು ಬಾರದು: ಮೂರನೇ ತರಗತಿಯ ಒಬ್ಬ ಹುಡುಗಿಯ ಪ್ರಕರಣ

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆ. ಮೂರನೇ ತರಗತಿಯ ಹುಡುಗಿ, ವಯಸ್ಸು ಎಂಟು. ವರ್ಣಮಾಲೆಯನ್ನು ತಪ್ಪಿಲ್ಲದೆ ಹೇಳುತ್ತಾಳೆ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಕಾಗುಣಿತವನ್ನು ರಾಗವಾಗಿ ಒಪ್ಪಿಸುತ್ತಾಳೆ. ಪಠ್ಯಪುಸ್ತಕದ ಮೊದಲ ಎರಡು ಪಾಠಗಳನ್ನು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ಆದರೆ ಹಿಂದೆಂದೂ ನೋಡದ ಐದು ಸಾಲು ಮುಂದಿಟ್ಟರೆ ಎರಡನೇ ಪದಕ್ಕೇ ನಿಂತುಬಿಡುತ್ತಾಳೆ. ಮನೆಯವರ ಲೆಕ್ಕದಲ್ಲಿ ಅವಳಿಗೆ ಓದು ಬರುತ್ತದೆ, ಹಾಜರಿ ಪುಸ್ತಕದ ಪಕ್ಕದ ಪಟ್ಟಿಯಲ್ಲಿ ಅವಳು ‘ನಿಧಾನ ಕಲಿಕೆ’. ಎರಡೂ ಸರಿಯಲ್ಲ.

ಇದು ಒಂದೇ ಮಗುವಿನ ಖಾಸಗಿ ದಾಖಲೆಯಲ್ಲ. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯನ್ನು ಒಬ್ಬ ಹುಡುಗಿಯ ಸುತ್ತ ಜೋಡಿಸಿದ ಮಾದರಿ ಪ್ರಕರಣ. ಇಲ್ಲಿನ ಅಂಕಗಳೂ ಆ ಮಾದರಿಯವೇ.

ಹಿನ್ನೆಲೆಯಲ್ಲಿ ಒಂದು ಸಂಗತಿ ಮುಖ್ಯ. ತಂದೆ ತಾಯಿ ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು ಹೋಗುತ್ತಾರೆ. ಎರಡನೇ ತರಗತಿಯಲ್ಲಿ ಹುಡುಗಿಯೂ ಅವರೊಂದಿಗೆ ಹೋಗಿ ಸುಮಾರು ಮೂರು ತಿಂಗಳು ಶಾಲೆ ತಪ್ಪಿಸಿಕೊಂಡಿದ್ದಳು. ಗುಣಿತಾಕ್ಷರದ ಅಭ್ಯಾಸ ಬಿರುಸಾಗಿ ನಡೆದದ್ದು ಅದೇ ತಿಂಗಳುಗಳಲ್ಲಿ.

ಎಲ್ಲಿ ತೊಡಕು ಎಂದು ಹುಡುಕಿದ್ದು

ಮೊದಲು ಕಣ್ಣು, ಕಿವಿ. ಹಿಂದಿನ ಸಾಲಿನಲ್ಲಿ ಕೂರಿಸಿ ಬೋರ್ಡಿನ ಮೂರು ಪದ ನಕಲು ಮಾಡಿಸುವುದು, ಆಮೇಲೆ ಕೈಯಲ್ಲಿರುವ ಪುಸ್ತಕದಿಂದ ಮೂರು ಪದ ನಕಲು ಮಾಡಿಸುವುದು. ಎರಡರಲ್ಲೂ ಒಂದೇ ಗುಣಮಟ್ಟ ಬಂದರೆ ಸದ್ಯಕ್ಕೆ ಮುಂದುವರಿಯಬಹುದು, ವ್ಯತ್ಯಾಸ ಕಂಡರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತೋರಿಸಬೇಕು. ಇವಳಲ್ಲಿ ವ್ಯತ್ಯಾಸ ಇರಲಿಲ್ಲ. ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ಹೇಳಿದ ಪದಗಳನ್ನೂ ಸರಿಯಾಗಿ ತಿರುಗಿ ಹೇಳಿದಳು.

ಆಮೇಲೆ ಬೆರಳಿನ ಪರೀಕ್ಷೆ. ಅವಳು ‘ಓದುವ’ ಪಾಠವನ್ನೇ ತೆಗೆಸಿ, ಪ್ರತಿ ಪದದ ಕೆಳಗೆ ಬೆರಳಿಡಲು ಹೇಳಿದಾಗ ಬಾಯಿ ‘ನೀರು’ ಎನ್ನುವಾಗ ಬೆರಳು ‘ಬಾವಿ’ಯ ಮೇಲಿತ್ತು. ಸಾಲು ಮುಗಿಯುವಷ್ಟರಲ್ಲಿ ಬಾಯಿ ಮೂರು ಪದ ಮುಂದೆ ಹೋಗಿತ್ತು. ಅದೇ ಪಾಠದ ನಡುವಿನ ಒಂದು ಪದವನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಗುರುತಿಸಲಿಲ್ಲ. ಪಾಠ ಬಾಯಿಪಾಠವಾಗಿದೆ, ಓದಾಗಿಲ್ಲ. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಪರಿಚಿತ ಪಾಠ ಓದಿಸಿ ಅಂಕ ಹಾಕುವುದರಿಂದಲೇ ಇಂಥ ಎಷ್ಟೋ ಮಕ್ಕಳು ನಾಲ್ಕನೇ ತರಗತಿಯವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರನೆಯದು ಅಕ್ಷರದ ಹಾಳೆ. ಕ್ರಮ ತಪ್ಪಿಸಿ ಬರೆದ 30 ಮೂಲಾಕ್ಷರಗಳಲ್ಲಿ 27 ಸರಿ. ತಪ್ಪಿದ್ದು ಝ, ಠ, ಢ. ಮಕ್ಕಳ ಓದಿನಲ್ಲಿ ಇವು ಅಪರೂಪ, ಇವುಗಳ ಬೆನ್ನು ಹತ್ತಿ ಒಂದು ದಿನವನ್ನೂ ಕಳೆಯಬೇಕಿಲ್ಲ. ಆದರೆ ಅದೇ ರೀತಿ ಕ್ರಮ ತಪ್ಪಿಸಿದ 40 ಗುಣಿತಾಕ್ಷರಗಳಲ್ಲಿ ಸರಿಯಾದದ್ದು 19 ಮಾತ್ರ. ಉಳಿದ 21 ತಪ್ಪುಗಳನ್ನು ಹರವಿ ನೋಡಿದರೆ ಒಂಬತ್ತು ದೀರ್ಘದವು: ಕೀ ಎಂಬುದನ್ನು ಕಿ, ಬೇ ಎಂಬುದನ್ನು ಬೆ ಎಂದು ಓದಿದ್ದು. ಆರು ಓತ್ವದವು. ಓತ್ವದ ಚಿಹ್ನೆಯಲ್ಲಿ ಏತ್ವವೂ ಇದೆ, ಕೊಂಬಿನ ದೀರ್ಘದ ಆಕಾರವೂ ಇದೆ. ಕಣ್ಣಿಗೆ ಮೊದಲು ಬಿದ್ದದ್ದನ್ನು ಹಿಡಿದುಕೊಂಡು ‘ಕೊಡ’ವನ್ನು ಒಮ್ಮೆ ‘ಕೆಡ’, ಇನ್ನೊಮ್ಮೆ ‘ಕೂಡ’ ಎಂದು ಓದುತ್ತಿದ್ದಳು. ಮೂರು ತಪ್ಪು ಪು, ವು ಇವುಗಳಲ್ಲಿ, ಏಕೆಂದರೆ ಇಲ್ಲಿ ಕೊಂಬು ‘ಕು’ವಿನಲ್ಲಿ ಕೂರುವ ಜಾಗದಲ್ಲಿ ಕೂರುವುದಿಲ್ಲ, ಮೇಲಾಗಿ ‘ವು’ ಮತ್ತು ‘ಮ’ ಅಕ್ಕಪಕ್ಕ ಇಟ್ಟರೆ ದೊಡ್ಡವರೂ ಒಂದು ಕ್ಷಣ ತಡವರಿಸುತ್ತಾರೆ. ಉಳಿದ ಮೂರು ಮಿ, ಯಿ ಮುಂತಾದವು.

20 ಪದಗಳ ಪಟ್ಟಿಯಲ್ಲಿ ನಾಲ್ಕು ಬಗೆಯಿಂದ ಐದೈದು ಪದ. ಚಿಹ್ನೆಯೇ ಇಲ್ಲದವು (ಮರ, ದನ, ಅರಸ) ಐದೂ ಸರಿ. ಗುಣಿತವಿದ್ದವು ಮೂರು. ಸಜಾತಿ ಒತ್ತಕ್ಷರದವು (ಹಳ್ಳಿ, ಬೆಕ್ಕು) ಒಂದು. ವಿಜಾತಿಯವು (ಪುಸ್ತಕ, ಶಕ್ತಿ) ಒಂದೂ ಇಲ್ಲ.

ಕೊನೆಗೆ ಈ ಪುಟ್ಟ ಭಾಗ, 19 ಪದ:

ಅಜ್ಜಿ ಬೆಳಗ್ಗೆ ಬೇಗ ಎದ್ದಳು. ಆಕಾಶದಲ್ಲಿ ಕಪ್ಪು ಮೋಡ ಇತ್ತು. ಅಂಗಳದಲ್ಲಿ ಜೋಳ ಹರವಿತ್ತು. ಅಜ್ಜಿ ಮೊಮ್ಮಗಳನ್ನು ಕೂಗಿದಳು. ಇಬ್ಬರೂ ಸೇರಿ ಜೋಳವನ್ನು ಒಳಗೆ ತಂದರು.

ಒಂದು ನಿಮಿಷದಲ್ಲಿ ಸರಿಯಾಗಿ ಬಂದದ್ದು ಎಂಟು ಪದ. ಅಜ್ಜಿ ಯಾಕೆ ಕೂಗಿದಳು ಎಂದರೆ ಮೌನ. ಮರುದಿನ ಇದೇ ಮಟ್ಟದ ಬೇರೊಂದು ಕತೆಯನ್ನು ಶಿಕ್ಷಕಿಯೇ ಓದಿ ಹೇಳಿ ಐದು ಪ್ರಶ್ನೆ ಕೇಳಿದರೆ ಐದಕ್ಕೂ ಉತ್ತರ, ಅದೂ ತಡವಿಲ್ಲದೆ.

ಇಡೀ ಪ್ರಕರಣದ ಬೀಗ ತೆರೆದದ್ದು ಈ ಕೊನೆಯ ಎರಡು ಪರೀಕ್ಷೆಗಳ ನಡುವಿನ ಅಂತರ. ಓದಿನ ಸಂಶೋಧಕರಾದ ಗಾಫ್ ಮತ್ತು ಟನ್ಮರ್ 1986ರಲ್ಲಿ ಮುಂದಿಟ್ಟ ಸರಳ ಸೂತ್ರದ ಪ್ರಕಾರ ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಪದ ಬಿಡಿಸುವ ಶಕ್ತಿ ಮತ್ತು ಮಾತು ಗ್ರಹಿಸುವ ಶಕ್ತಿ ಇವೆರಡರ ಗುಣಲಬ್ಧ. ಕೂಡಿಕೆಯಲ್ಲ, ಗುಣಾಕಾರ. ಒಂದು ಸೊನ್ನೆಯ ಹತ್ತಿರ ಇದ್ದರೆ ಇನ್ನೊಂದು ಎಷ್ಟೇ ಇದ್ದರೂ ಫಲ ಸೊನ್ನೆಯ ಹತ್ತಿರವೇ. ಈ ಹುಡುಗಿಯ ಮಾತಿನ ಗ್ರಹಿಕೆ ಗಟ್ಟಿಯಾಗಿದೆ, ಕುಸಿದಿರುವುದು ಪದ ಬಿಡಿಸುವ ಭಾಗ. ಅದರಲ್ಲೂ ಮೂಲಾಕ್ಷರ ಅಲ್ಲ, ಅದರ ಮುಂದಿನ ಎರಡು ಮೆಟ್ಟಿಲು.

ಕಾಗುಣಿತ ಬಾಯಿಗೆ ಬಂದರೂ ಕಣ್ಣಿಗೆ ಬಾರದ್ದೇಕೆ

34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿದರೆ ಗುಣಿತಾಕ್ಷರಗಳೇ 400 ದಾಟುತ್ತವೆ. ಒತ್ತಕ್ಷರ ಬೇರೆ. ಕನ್ನಡದಲ್ಲಿ ಅಕ್ಷರಜ್ಞಾನ ಒಂದನೇ ತರಗತಿಯಲ್ಲಿ ಮುಗಿಯುವ ವಿಷಯವಲ್ಲ, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೇ ತೋರಿಸಿದೆ. ಆದ್ದರಿಂದ ಮೂರನೇ ತರಗತಿಯ ಮಗು ‘ಇನ್ನೂ ಅಕ್ಷರದಲ್ಲೇ ಇದೆ’ ಎಂದು ಗಾಬರಿಯಾಗಬೇಕಿಲ್ಲ. ಯಾವ ಅಕ್ಷರ ಎಂದು ಗೊತ್ತಿರಬೇಕು, ಅಷ್ಟೆ.

ರಾಗವಾಗಿ ಒಪ್ಪಿಸುವಾಗ ‘ಕೂ’ ಬರುವುದು ‘ಕು’ ಆದ ಮೇಲೆ ಎಂಬ ಕಾರಣಕ್ಕೆ, ಚಿಹ್ನೆಯನ್ನು ನೋಡಿದ್ದಕ್ಕೆ ಅಲ್ಲ. ಒಂದೇ ವ್ಯಂಜನದ ಮೇಲೆ ಎಲ್ಲ ಚಿಹ್ನೆಗಳನ್ನು ಓಡಿಸುವ ಬದಲು ಒಂದೇ ಚಿಹ್ನೆಯನ್ನು ಹಲವು ವ್ಯಂಜನಗಳ ಮೇಲೆ ಓಡಿಸಬೇಕು: ಕಿ, ಗಿ, ಲಿ, ನಿ, ಮಿ. ಆಗ ಕಿವಿಗೆ ಉಳಿಯುವುದು ‘ಇ’ ಎಂಬ ಸ್ವರ, ಕಣ್ಣಿಗೆ ಉಳಿಯುವುದು ಗುಡಿಸು.

ಹನ್ನೆರಡು ವಾರದ ಯೋಜನೆ

ದಿನಕ್ಕೆ 40 ನಿಮಿಷ, ವಾರಕ್ಕೆ ಐದು ದಿನ. ಇದೇ ತೊಡಕಿನ ಇನ್ನೂ ನಾಲ್ವರು ಸೇರಿ ಐವರ ಗುಂಪು. ಮೊದಲ 15 ನಿಮಿಷ ಅಕ್ಷರ ಮತ್ತು ಪದ, 10 ನಿಮಿಷ ವಾಕ್ಯ ಓದು, 10 ನಿಮಿಷ ಶಿಕ್ಷಕಿ ಓದಿ ಹೇಳುವ ಕತೆ ಮತ್ತು ಮಾತುಕತೆ, ಕೊನೆಯ 5 ನಿಮಿಷ ಉಕ್ತಲೇಖನ. ಕತೆಯ 10 ನಿಮಿಷವನ್ನು ಯಾವ ದಿನವೂ ಕತ್ತರಿಸಬಾರದು. ‘ಮೊದಲು ಅಕ್ಷರ ಮುಗಿಯಲಿ, ಆಮೇಲೆ ಅರ್ಥ’ ಎಂದು ಕಾದ ತರಗತಿಗಳಲ್ಲಿ ಮಗುವಿಗೆ ಓದು ಎಂದರೆ ಸದ್ದು ಮಾಡುವುದು ಎಂದೇ ರೂಢಿಯಾಗುತ್ತದೆ. ಆ ರೂಢಿ ಬಿಡಿಸುವುದು ಅಕ್ಷರ ಕಲಿಸುವುದಕ್ಕಿಂತ ಕಷ್ಟ.

ಸಾಮಗ್ರಿ ಕಡಿಮೆ. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು 10 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲಕ್ಕೆ ಕತ್ತರಿಸಿದ 120 ಚೀಟಿ, ಕಪ್ಪು ಸ್ಕೆಚ್ ಪೆನ್, ಅಕ್ಷರದ ಎತ್ತರ ಕನಿಷ್ಠ 3 ಸೆಂ.ಮೀ. ಚಿಹ್ನೆಯನ್ನು ಕೆಂಪಿನಲ್ಲಿ ಬರೆಯುವುದು ಮೊದಲ ವಾರಕ್ಕೆ ಸಾಕು. ಮುಂದುವರಿಸಿದರೆ ಮಗು ಬಣ್ಣ ನೋಡಿ ಓದುತ್ತದೆ, ಪುಸ್ತಕದಲ್ಲಿ ಕೆಂಪು ಇರುವುದಿಲ್ಲ. ಚಿತ್ರವನ್ನು ಪದದ ಪಕ್ಕದಲ್ಲಿ ಹಾಕಬಾರದು, ಚೀಟಿಯ ಹಿಂಬದಿಗೆ ಅಂಟಿಸಬೇಕು. ಪಕ್ಕದಲ್ಲಿದ್ದರೆ ಹುಲಿಯ ಚಿತ್ರ ನೋಡಿ ‘ಹುಲಿ’ ಎನ್ನುತ್ತದೆ, ಪದದ ಕಡೆ ಕಣ್ಣೇ ಹೋಗುವುದಿಲ್ಲ.

ಒಂದು, ಎರಡನೇ ವಾರ: ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯ ಮಕ್ಕಳಿಗೆ ಪರಿಚಿತವಾದ ರ, ಗ, ಸ, ದ, ಅ ಮತ್ತು ಜ, ವ, ಮ, ಬ, ನ ಗುಂಪುಗಳೇ ಬುನಾದಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯ ಈ ಜೋಡಣೆಯ ಜಾಣತನ ಎಂದರೆ ಮೊದಲ ಐದು ಅಕ್ಷರಕ್ಕೇ ಪದ ಹುಟ್ಟುತ್ತದೆ: ಸರ, ದರ, ಅರಸ, ಗರಗಸ. ಇವುಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸದೆ ಒಂದೇ ಉಸಿರಿಗೆ ಓದುವ ತನಕ ಅಭ್ಯಾಸ. ಜೊತೆಗೆ ಇಳಿ: ದನ–ದಾನ, ಬರ–ಬಾರ.

ಮೂರರಿಂದ ಆರನೇ ವಾರ: ಗುಣಿತ. ಕ್ರಮ ಹೀಗೆ: ಗುಡಿಸು, ಕೊಂಬು, ಏತ್ವ, ಆಮೇಲೆ ಓತ್ವ, ಅವುಗಳ ಬೆನ್ನಿಗೇ ದೀರ್ಘಗಳು. ದೀರ್ಘ ಕಲಿಸಲು ಅರ್ಥ ಬೇರೆಯಾಗುವ ಜೋಡಿಗಳೇ ಬೇಕು: ಬೆಳೆ–ಬೇಳೆ, ಕೊಡು–ಕೋಡು, ಬಿಡು–ಬೀಡು, ಹುಳು–ಹೂಳು, ಕರು–ಕಾರು. ಎರಡೂ ಚೀಟಿ ಮುಂದಿಟ್ಟು ‘ಅಡಗಿ ಮಾಡೂದು ಯಾವುದು?’ ಎಂದು ಕೇಳಿದರೆ ‘ಬೇಳೆ’ಯನ್ನು ಆರಿಸುವಾಗ ಮಗು ದೀರ್ಘದ ಗುರುತನ್ನು ನೋಡಲೇಬೇಕಾಗುತ್ತದೆ. ಸುಮ್ಮನೆ ‘ದೀರ್ಘ ಎಳಿ’ ಎಂದು ನೂರು ಸಲ ಹೇಳಿದರೂ ಆಗದ ಕೆಲಸ ಇದು. ಓತ್ವಕ್ಕೆ ಕೆಡ, ಕೂಡ, ಕೊಡ ಮೂರನ್ನೂ ಒಂದರ ಕೆಳಗೊಂದು ಬರೆದು, ‘ಕೊಡ’ದಲ್ಲಿ ಎರಡೂ ಗುರುತು ಇರುವುದನ್ನು ಬೆರಳಿನಿಂದ ತೋರಿಸಲು ಹೇಳಬೇಕು. ವು–ಮ ಗೊಂದಲಕ್ಕೆ ಓದುವುದಕ್ಕಿಂತ ಬರೆಯುವುದೇ ಮದ್ದು: ‘ಹಾವು, ನಾವು, ಮಾವು’ ಮೂರನ್ನು ದಿನವೂ ಉಕ್ತಲೇಖನದಲ್ಲಿ ಇಟ್ಟರೆ ಬಾಲ ಎಲ್ಲಿಂದ ಹೊರಡುತ್ತದೆ ಎಂಬುದು ಕೈಗೆ ಕೂರುತ್ತದೆ.

ಒತ್ತಕ್ಷರ: ಮೇಲೆ ಒಂದು, ಕೆಳಗೆ ಒಂದು

ಏಳನೇ ವಾರ ‘ಪುಸ್ತಕ’ದ ಚೀಟಿ ಹಿಡಿದಾಗ ಹುಡುಗಿ ಓದಿದ್ದು ‘ಪುಸತಕ’. ಮತ್ತೆ ನೋಡಿ ಕೇಳಿದಳು:

‘ಅಕ್ಕೋರ, ಮ್ಯಾಲ ಒಂದು ಐತಿ, ಕೆಳಗ ಒಂದು ಐತಿ. ಯಾವುದು ಮೊದಲ ಓದೂದ್ರಿ?’

‘ಮ್ಯಾಲಿಂದು ಮೊದಲವಾ. ಆದ್ರ ಅದನ್ನ ಅರ್ಧಾ ಅನ್ನು, ಕೆಳಗಿಂದು ಪೂರಾ ಅನ್ನು. ಪುಸ್… ತ… ಕ.’

ಪ್ರಶ್ನೆ ಕೇಳಿದ್ದು ಮಗು ಸರಿಯಾದ ಜಾಗಕ್ಕೆ ಬಂದಿದೆ ಎಂಬುದಕ್ಕೆ ಸಾಕ್ಷಿ. ಮೇಲಿನಕ್ಷರಕ್ಕೆ ಸ್ವರವಿಲ್ಲ, ಕೆಳಗಿನ ಒತ್ತಿಗೆ ಸ್ವರವಿದೆ, ಆದರೆ ಸ್ವರದ ಗುರುತು ಕೂತಿರುವುದು ಮೇಲಿನಕ್ಷರದ ತಲೆಯ ಮೇಲೆ! ‘ಶಕ್ತಿ’ಯಲ್ಲಿ ಗುಡಿಸು ಇರುವುದು ಕಕಾರಕ್ಕೆ, ಸದ್ದು ಬರುವುದು ತಕಾರಕ್ಕೆ. ಆದ್ದರಿಂದಲೇ ಎಷ್ಟೋ ಮಕ್ಕಳು ‘ಶಕಿತ’ ಎನ್ನುತ್ತಾರೆ. ಇದು ಅಜಾಗರೂಕತೆಯಲ್ಲ, ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ಓದಿದ್ದು. ನಿಯಮವನ್ನು ಮೂರು ತುಂಡಾಗಿ ಹೇಳಿಕೊಟ್ಟು ಬೆರಳಿನಿಂದ ಮಾಡಿಸಬೇಕು: ಮೇಲಿನದನ್ನು ಅರ್ಧ ಹೇಳು, ಕೆಳಗಿನದಕ್ಕೆ ಬಾ, ಮೇಲಿನ ಗುರುತನ್ನು ಕೆಳಗಿನದಕ್ಕೆ ಹಚ್ಚು.

ಕಲಿಸುವ ಕ್ರಮದಲ್ಲಿ ಸಜಾತಿ ಮೊದಲು, ಮನೆಯ ಮಾತಿನಲ್ಲೇ ಇರುವ ಪದಗಳಿಂದ: ಅಕ್ಕ, ಅಪ್ಪ, ಅವ್ವ, ಅಣ್ಣ, ಅಜ್ಜಿ, ರೊಟ್ಟಿ, ಬೆಕ್ಕು, ಹಣ್ಣು. ಹೆಚ್ಚಿನ ಒತ್ತುಗಳು ಮೂಲಾಕ್ಷರದ ತಲೆಕಟ್ಟು ತೆಗೆದ ಕಿರಿಯ ರೂಪ, ಹಾಗಾಗಿ ಬೇಗ ಹಿಡಿಯುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲರೂಪವನ್ನು ಹೋಲುವುದಿಲ್ಲ. ಈ ಆರನ್ನು ಬೇರೆಯಾಗಿ, ಒಂದೊಂದಕ್ಕೆ ಎರಡು ದಿನ ಕೊಟ್ಟು ಕಲಿಸಬೇಕು. ಹುಡುಗಿಗೆ ಹೆಚ್ಚು ತೊಂದರೆ ಕೊಟ್ಟದ್ದು ತಕಾರ ಮತ್ತು ನಕಾರದ ಒತ್ತುಗಳ ನಡುವಿನ ಗೊಂದಲ. ‘ಹತ್ತು, ಹೊತ್ತು, ಮುತ್ತು’ ಒಂದು ಬದಿಗೆ, ‘ಅನ್ನ, ಚಿನ್ನ, ಬೆನ್ನು’ ಇನ್ನೊಂದು ಬದಿಗೆ ವಿಂಗಡಿಸುವ ಆಟ ನಾಲ್ಕು ದಿನ ನಡೆಯಿತು. ಅರ್ಕಾವೊತ್ತನ್ನು (ಸೂರ್ಯ, ಕಾರ್ಯ) ಈ ಹನ್ನೆರಡು ವಾರದಲ್ಲಿ ಮುಟ್ಟಲಿಲ್ಲ. ಅಲ್ಲಿ ಬರೆಯುವ ಕ್ರಮ ಮತ್ತು ಓದುವ ಕ್ರಮ ತಿರುವುಮುರುವು, ಈಗ ತಾನೇ ಕಲಿತ ನಿಯಮವನ್ನೇ ಅದು ಕಲಕುತ್ತದೆ.

ಎಂಟನೇ ವಾರ ಓದು ಹಿಂದೆ ಸರಿಯಿತು. ಹಿಂದಿನ ವಾರ ಸರಿಯಾಗಿ ಓದಿದ್ದ ‘ಕತೆ’ ಈಗ ‘ಕತ್ತೆ’, ‘ಬಳಿ’ ಈಗ ‘ಬಳ್ಳಿ’. ಹೊಸ ನಿಯಮ ಸಿಕ್ಕ ಉತ್ಸಾಹದಲ್ಲಿ ಒತ್ತಿಲ್ಲದಲ್ಲೂ ಒತ್ತುವುದು ಸಹಜ, ಮಾತು ಕಲಿಯುವ ಮಗುವೂ ಹೀಗೇ ಮಾಡುತ್ತದೆ. ಹಿಂದಕ್ಕೆ ಹೋಗಿ ಗುಣಿತ ಶುರು ಮಾಡುವ ಅಗತ್ಯವಿಲ್ಲ. ಕತೆ–ಕತ್ತೆ, ಬಳಿ–ಬಳ್ಳಿ, ಎಲೆ–ಎಲ್ಲೆ ಜೋಡಿಗಳನ್ನು ವಾಕ್ಯದೊಳಗೆ ಇಟ್ಟರಾಯಿತು: ‘ಅಜ್ಜಿ ಕತೆ ಹೇಳಿದಳು’, ‘ಕತ್ತೆ ಹುಲ್ಲು ತಿಂದಿತು’. ‘ಅಜ್ಜಿ ಕತ್ತೆ ಹೇಳಿದಳು’ ಎಂದು ಓದಿದ ಹುಡುಗಿ ತಾನೇ ನಕ್ಕು ತಿದ್ದಿಕೊಂಡಳು. ಅರ್ಥ ಕೆಟ್ಟದ್ದು ಗೊತ್ತಾಗಿ ಹಿಂದಿರುಗಿ ನೋಡಿದ ಆ ಕ್ಷಣಕ್ಕೆ ಹತ್ತು ಸರಿಯುತ್ತರಗಳಿಗಿಂತ ಹೆಚ್ಚು ಬೆಲೆ ಇದೆ.

ಕನ್ನಡದಲ್ಲಿ ಪದ ಗುರುತಿಸುವಿಕೆ ಎಂದರೆ ಇಡೀ ಪದದ ಆಕಾರ ನೆನಪಿಡುವುದಲ್ಲ. ಪದ ಉದ್ದ, ಬಾಲ ಬದಲಾಗುತ್ತಲೇ ಇರುತ್ತದೆ: ಮರ, ಮರದ, ಮರಕ್ಕೆ, ಮರದಲ್ಲಿ, ಮರಗಳಿಂದ. ಹಾಗಾಗಿ ಬಾಲಗಳನ್ನೇ ಒಂದೊಂದು ತುಂಡಾಗಿ ಕಣ್ಣಿಗೆ ಕೂರಿಸಬೇಕು. ಅಲ್ಲಿ, ಅನ್ನು, ಇಂದ, ಗಳು, ಇದ್ದ, ಉತ್ತ, ಇಲ್ಲ ಈ ಏಳು ಮಕ್ಕಳ ಪುಸ್ತಕದ ಹೆಚ್ಚುಕಡಿಮೆ ಪ್ರತಿ ಪುಟದಲ್ಲಿ ಬರುತ್ತವೆ. ‘ಆಕಾಶದಲ್ಲಿ’ ಎಂಬ ಪದದ ಕೊನೆಯನ್ನು ಬೆರಳಿನಿಂದ ಮುಚ್ಚಿ ‘ಆಕಾಶ’ ಓದಿಸಿ, ಬೆರಳು ತೆಗೆದು ಪೂರ್ತಿ ಓದಿಸುವ ಅಭ್ಯಾಸವನ್ನು ಒಂಬತ್ತನೇ ವಾರದಿಂದ ದಿನಕ್ಕೆ ಆರು ಪದಕ್ಕೆ ಮಾಡಿಸಲಾಯಿತು. ಓದಿನ ವೇಗ ಎದ್ದು ಕಾಣುವಂತೆ ಏರಿದ್ದು ಇಲ್ಲಿಂದ ಮುಂದೆ.

ಅರ್ಥದ ಕಡೆ

ಒಂದು ವಾಕ್ಯ ನೋಡಿ: ‘ಗಿಮ್ಮನು ತಬರೆಯಲ್ಲಿ ನೊಸೆಯನ್ನು ಬಿಳುಕಿದನು.’ ಗಿಮ್ಮನು ನೊಸೆಯನ್ನು ಎಲ್ಲಿ ಬಿಳುಕಿದನು? ತಬರೆಯಲ್ಲಿ. ಉತ್ತರ ಸರಿ, ಅರ್ಥ ಯಾರಿಗೂ ಗೊತ್ತಿಲ್ಲ. ಪಾಠದ ಕೊನೆಯ ‘ಎಲ್ಲಿ, ಯಾರು, ಏನು’ ಪ್ರಶ್ನೆಗಳಿಗೆ ಸಾಲು ಎತ್ತಿ ಬರೆದ ಉತ್ತರವನ್ನು ಗ್ರಹಿಕೆ ಎಂದು ಎಣಿಸಬಾರದು ಎಂಬುದಕ್ಕೆ ಇಷ್ಟು ಸಾಕು. ಪ್ರತಿ ಕತೆಗೆ ಮೂರು ಬಗೆಯ ಪ್ರಶ್ನೆ ಇರಲಿ: ಸಾಲಿನಲ್ಲೇ ಉತ್ತರವಿರುವುದು ಒಂದು, ಎರಡು ಸಾಲು ಜೋಡಿಸಿದರೆ ಹೊಳೆಯುವುದು ಎರಡು, ಮಗು ತನ್ನ ಅನುಭವದಿಂದ ಹೇಳಬೇಕಾದದ್ದು ಒಂದು.

ಅಜ್ಜಿ ಮತ್ತು ಜೋಳದ ಭಾಗವನ್ನೇ ಹತ್ತನೇ ವಾರ ಮತ್ತೆ ಕೊಟ್ಟಾಗ, ‘ಅಜ್ಜಿ ಮೊಮ್ಮಗಳನ್ನು ಯಾಕೆ ಕೂಗಿದಳು?’ ಎಂಬುದಕ್ಕೆ ಮೊದಲ ಉತ್ತರ, ‘ಇಬ್ಬರೂ ಸೇರಿ ಜೋಳವನ್ನು ಒಳಗೆ ತಂದರು’. ಸಾಲು ಎತ್ತಿದ್ದು. ‘ಅದು ಆಮ್ಯಾಲ ಆಗಿದ್ದು. ಮೊದಲ ಅಜ್ಜಿ ಏನ್ ನೋಡಿದ್ಲು?’ ಎಂದು ಎರಡನೇ ಸಾಲಿನ ಕಡೆ ಬೆರಳು ತೋರಿಸಿದ ಮೇಲೆ, ‘ಮ್ವಾಡ ಆಗಿತ್ತಲ್ರಿ, ಮಳಿ ಬಂದ್ರ ಜ್ವಾಳ ತೋಯ್ತಾವ್ರಿ!’ ಮಳೆ ಎಂಬ ಪದ ಆ ಭಾಗದಲ್ಲಿ ಎಲ್ಲೂ ಇಲ್ಲ. ಮಗು ತಂದು ಜೋಡಿಸಿದ್ದು ಅದು.

ಆ ಉತ್ತರ ಮನೆಯ ಮಾತಿನಲ್ಲಿ ಬಂತು, ಹಾಗೆಯೇ ಒಪ್ಪಿಕೊಳ್ಳಬೇಕು. ‘ಪೂರ್ಣ ವಾಕ್ಯದಲ್ಲಿ ಹೇಳು’ ಎಂದು ಅಲ್ಲೇ ತಿದ್ದಿದರೆ ಮುಂದಿನ ಸಲ ಅವಳು ಸುರಕ್ಷಿತ ದಾರಿ ಹಿಡಿದು ಸಾಲನ್ನೇ ಎತ್ತುತ್ತಾಳೆ. ಇನ್ನೂ ಒಂದು ಮಾತು: ‘ಹೋಗಿದ್ದಾನೆ’ ಎಂದು ಅಚ್ಚಾದದ್ದನ್ನು ‘ಹೋಗ್ಯಾನ’ ಎಂದೋ, ‘ಮನೆಯಲ್ಲಿ’ಯನ್ನು ‘ಮನ್ಯಾಗ’ ಎಂದೋ ಓದಿದರೆ ಅದನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬಾರದು. ಅಚ್ಚಿನ ಪದದ ಅರ್ಥ ಹಿಡಿದು ತನ್ನ ಮಾತಿಗೆ ತಿರುಗಿಸಿಕೊಂಡಿದ್ದಾಳೆ. ಪಕ್ಕದಲ್ಲಿ ಸಣ್ಣ ಗುರುತು ಹಾಕಿ, ಆಮೇಲೆ ಪದದ ಅಭ್ಯಾಸದಲ್ಲಿ ‘ಇದ್ದಾನೆ’ ತುಂಡನ್ನು ತೋರಿಸಿದರೆ ಸಾಕು.

ಓದಿ ಹೇಳುವ ಕತೆ ಮಗು ತಾನೇ ಓದಬಲ್ಲದ್ದಕ್ಕಿಂತ ಒಂದೆರಡು ಮೆಟ್ಟಿಲು ಮೇಲಿರಲಿ, ಅದರಿಂದಲೇ ಗ್ರಂಥಸ್ಥ ಕನ್ನಡ ಕಿವಿಗೆ ಬೀಳುವುದು. ಎರಡು ಕಡೆ ಮಾತ್ರ ನಿಲ್ಲಿಸಿ ‘ಮುಂದ ಏನಾಗಬಹುದು?’ ಎಂದು ಕೇಳಬೇಕು. ಪ್ರತಿ ಸಾಲಿಗೂ ನಿಲ್ಲಿಸಿದರೆ ಕತೆಯೇ ಒಡೆದುಹೋಗುತ್ತದೆ.

ಫಲ, ಉಳಿದದ್ದು

ಹನ್ನೆರಡನೇ ವಾರದ ಕೊನೆಗೆ: ಗುಣಿತಾಕ್ಷರ 40ಕ್ಕೆ 36. ಪದಗಳು 20ಕ್ಕೆ 16, ತಪ್ಪಿದ ನಾಲ್ಕರಲ್ಲಿ ಮೂರು ವಿಜಾತಿ ಒತ್ತಿನವು. ಹೊಸ ಭಾಗದಲ್ಲಿ ನಿಮಿಷಕ್ಕೆ 31 ಪದ. ಊಹಿಸಿ ಹೇಳಬೇಕಾದ ಮೂರು ಪ್ರಶ್ನೆಗಳಲ್ಲಿ ಎರಡು ಸರಿ.

ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗಾಗಿ ಇರುವ ಕೇಂದ್ರ ಸರ್ಕಾರದ ಕಾರ್ಯಕ್ರಮ ನಿಪುಣ ಭಾರತ ಮೂರನೇ ತರಗತಿಗೆ ಇಟ್ಟ ಗುರಿ ನಿಮಿಷಕ್ಕೆ ಕನಿಷ್ಠ 60 ಪದ. ಅದರ ಪಕ್ಕದಲ್ಲಿ 31 ಅರ್ಧ ದಾರಿ. ಆದರೆ ‘ಮೊಮ್ಮಗಳನ್ನು’ ಎಂಬುದೂ ಒಂದು ಪದ, ‘ಮೋಡ’ವೂ ಒಂದು ಪದ. ವಿಭಕ್ತಿಯನ್ನು ಬಿಡಿಪದವಾಗಿ ಬರೆಯುವ ಹಿಂದಿಯಂಥ ಭಾಷೆಯ ಎಣಿಕೆಯನ್ನು ಕನ್ನಡಕ್ಕೆ ನೇರವಾಗಿ ತಂದು ಅಳೆಯುವುದು ಮಕ್ಕಳಿಗೆ ಅನ್ಯಾಯ. ಒಂದೇ ಉದ್ದದ, ಒಂದೇ ಬಗೆಯ ಭಾಗಗಳನ್ನು ಇಟ್ಟುಕೊಂಡು ಮಗುವನ್ನು ಅದರ ಹಿಂದಿನ ತಿಂಗಳಿನ ಜೊತೆ ಹೋಲಿಸುವುದೇ ಸರಿಯಾದ ಅಳತೆ.

ಐವರ ಗುಂಪಿನಲ್ಲಿ ಒಬ್ಬ ಹುಡುಗ ಹೆಚ್ಚುಕಡಿಮೆ ಇದ್ದಲ್ಲೇ ಉಳಿದ. ಹಾಜರಿ ಪೂರ್ತಿ, ಮಾತು ಚುರುಕು, ಆದರೂ ನಿನ್ನೆ ಓದಿದ ಗುಣಿತಾಕ್ಷರ ಇಂದು ಹೊಸದು. ಹನ್ನೆರಡು ವಾರದ ನಿಯಮಿತ ಅಭ್ಯಾಸದ ನಂತರವೂ ಹೀಗಿದ್ದರೆ ಅಭ್ಯಾಸ ಹೆಚ್ಚಿಸುತ್ತ ಕೂರಬಾರದು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರಿಗೆ ತಪ್ಪುಗಳ ಹಾಳೆ ಸಮೇತ ತಿಳಿಸಬೇಕು, ಅಗತ್ಯವಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥವು) 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ ಎಂಬುದನ್ನು ಪಾಲಕರಿಗೆ ಹೇಳಬೇಕಾದದ್ದೂ ಶಾಲೆಯೇ.

ಹುಡುಗಿಯ ಮನೆಯಲ್ಲಿ ಓದು ಬರುವವರಿಲ್ಲ. ತಾಯಿಗೆ ಕೇಳಿಕೊಂಡದ್ದು ಒಂದೇ: ರಾತ್ರಿ ಐದು ನಿಮಿಷ ಮಗು ಓದುವಾಗ ಪಕ್ಕದಲ್ಲಿ ಕೂತು, ಮುಗಿದ ಮೇಲೆ ‘ಏನಾತವಾ ಕತಿಯಾಗ?’ ಎಂದು ಕೇಳುವುದು. ಈ ವರ್ಷವೂ ದೀಪಾವಳಿಯ ನಂತರ ಕುಟುಂಬ ಹೊರಡುವುದು ಖಚಿತ. ಹುಡುಗಿಯನ್ನು ಅಜ್ಜಿಯ ಬಳಿ ಬಿಟ್ಟುಹೋಗುವಂತೆ ಮಾತಾಡುವುದು ಮೊದಲ ಪ್ರಯತ್ನ. ಆಗದಿದ್ದರೆ ಚೀಲದಲ್ಲಿ ಕಳುಹಿಸಬೇಕಾದದ್ದು: 30 ಒತ್ತಕ್ಷರದ ಚೀಟಿ, ಈಗಾಗಲೇ ಓದಿದ ಎರಡು ಕತೆ ಪುಸ್ತಕ, ಓದದ ಮೂರು, ಒಂದು ನೋಟ್‌ಬುಕ್, ಎರಡು ಪೆನ್ಸಿಲ್. ಜೊತೆಗೆ, ಅಲ್ಲಿನ ಶಾಲೆಯ ಶಿಕ್ಷಕರ ಕೈಗೆ ಕೊಡಲು ಒಂದು ಹಾಳೆ: ಯಾವ ಅಕ್ಷರ ಬರುತ್ತದೆ, ಯಾವುದು ಬರುವುದಿಲ್ಲ, ಎಲ್ಲಿಂದ ಶುರು ಮಾಡಬೇಕು.